ಬಿಗಿ ಬಾಗಿಲು

ಅತ್ತೆಯ ಮನೆಗೆಲ್ಲ ಚಿಕ್ಕಳಿಯ ಏಸಿಯ ತಂಪುಗಾಳಿ ಕೊಳವೆ ಎಳೆದ ಮೇಲೆ ದೊಡ್ಡಳಿಯನ ಹೊಟ್ಟೆಗೆ ಬೆಂಕಿ ಬಿದ್ದಂತಾಗಿತ್ತು. ಅವನು ಬಡಗಿ. ಆ ಮನೆಯ ಬಾಗಿಲು ಕಿಟಕಿಗಳೆಲ್ಲ ಅವನ ಕೈಕೆಲಸ. ಮೊದಲೆಲ್ಲ ಬಂದವರು ಬಾಗಿಲು ಸವರಿ ಹೊಗಳುತ್ತಿದ್ದರು. ಈಗ ಎಲ್ಲರ ಬಾಯಲ್ಲೂ ಚಿಕ್ಕಳಿಯನದೇ ಜಪ.

ಹಾಗಾಗಿ ಅತ್ತೆ ಫೋನ್ ಮಾಡಿ, "ನನ್ನ ಕೋಣೆ ಮಾತ್ರ ಒಲೆಯಾಗಿದೆ, ಮಧ್ಯಾಹ್ನ ಮಲಗೋ ಹಾಗಿಲ್ಲ" ಅಂದಾಗ ಅವನು ಕೆಲಸದ ಚೀಲ ಹೆಗಲಿಗೇರಿಸಿ ಓಡಿಬಂದ. ಮರುಕಕ್ಕಲ್ಲ, ಮಜಾ ನೋಡೋಕೆ.

ಚಿಕ್ಕಳಿಯ ಆಗಲೇ ಏಣಿ ಹತ್ತಿದ್ದ.

"ಏನಯ್ಯಾ, ಊರಿಗೆಲ್ಲ ತಂಪು ಹಂಚೋನು ಅತ್ತೇನ ಬೇಯಿಸ್ತಿದ್ದೀಯಲ್ಲ?"

ಚಿಕ್ಕಳಿಯ ನಕ್ಕು, ಗಾಳಿ ಬರುವ ಜಾಲರಿಗೆ ತೆಳು ಕಾಗದದ ಚೂರೊಂದನ್ನು ಅಂಟಿಸಿದ. ಕಾಗದ ಪಟಪಟ ಹಾರಿತು. ಇಳಿದು ಬಾಗಿಲು ಮುಚ್ಚಿದ. ಕಾಗದ ಸೋತು ಜೋತುಬಿತ್ತು.

"ಭಾವ, ಬಾಗಿಲ ಕೆಳಗೆ ಎಷ್ಟು ಸಂದಿದೆ?"

"ಸಂದಿಯಾ? ಕೂದಲೂ ತೂರಲ್ಲ. ಯಾರ ಕೆಲಸ ಅಂದ್ಕೊಂಡೆ?"

"ಅದೇ ನೋಡಿ. ಒಳಗಿರೋ ಗಾಳಿ ಹೊರಗೆ ಹೋಗದೆ ಹೊಸ ಗಾಳಿ ಎಲ್ಲಿಂದ ನುಗ್ಗಬೇಕು? ತುಂಬಿದ ಬಲೂನಿಗೆ ಊದಿದ ಹಾಗೆ."

"ಅಂದ್ರೆ ತಪ್ಪು ನನ್ನ ಬಾಗಿಲದ್ದಾ?"

"ತಪ್ಪು ನಂದೇ. ಗಾಳಿ ವಾಪಸ್ ಹೋಗೋಕೆ ಗೋಡೇಲಿ ಕಿಂಡಿ ಇಡಬೇಕಿತ್ತು, ಮರೆತೆ. ಈಗ ಗೋಡೆ ಒಡೀಬೇಕು, ಇಲ್ಲ ಬಾಗಿಲನ್ನ ಕೆಳಗಡೆ ಒಂದು ಬೆರಳಷ್ಟು ಕೊಯ್ಯಬೇಕು."

"ಗೋಡೆ ಒಡಿ!" ದೊಡ್ಡಳಿಯನ ದನಿಯಲ್ಲಿ ಹಬ್ಬದ ಸಡಗರ. ಇವನ ಮರೆವು ಬಂದವರಿಗೆಲ್ಲ ಕಾಣಲಿ.

ಹಾಸಿಗೆಯಲ್ಲಿ ಕೂತು ಟವೆಲಿನಿಂದ ಗಾಳಿ ಬೀಸಿಕೊಳ್ಳುತ್ತಿದ್ದ ಅತ್ತೆ, "ಧೂಳೆದ್ರೆ ನನ್ನ ಉಬ್ಬಸ ಏಳುತ್ತೆ ಅಳಿಯಂದ್ರೇ" ಅಂದರು. ಮುಖವೆಲ್ಲ ಬೆವರು.

ದೊಡ್ಡಳಿಯ ಬಾಗಿಲು ನೋಡಿದ, ಅತ್ತೆಯನ್ನು ನೋಡಿದ. ಚಿಕ್ಕಳಿಯ ಗರಗಸಕ್ಕೆ ಕೈ ಚಾಚಿದ್ದೇ ತಡ, ಸಿಡುಕಿದ: "ಮುಟ್ಟಬೇಡ! ನನ್ನ ಬಾಗಿಲಿಗೆ ನಾನೇ ಕೈ ಹಾಕ್ತೀನಿ."

ಕೀಲು ಬಿಚ್ಚಿ, ಅಂಗಳಕ್ಕೊಯ್ದು, ಸ್ವಂತ ಬೆರಳು ಕೊಯ್ದುಕೊಳ್ಳುವವನ ಮುಖ ಮಾಡಿಕೊಂಡು ಗರಗಸ ಎಳೆದ. ಅಂಚನ್ನು ಉಜ್ಜಿ ನಯಮಾಡಿ, ತಂದು ಕೂರಿಸಿ, ಅತ್ತೆಯನ್ನು ಒಳಗೆ ಬಿಟ್ಟು ಮುಚ್ಚಿದ. ಬಗ್ಗಿ ಸಂದಿಗೆ ಅಂಗೈ ಹಿಡಿದ. ಗಾಳಿ ಸರಾಗ ಹೊರಗೆ ಹರಿಯುತ್ತಿತ್ತು.

ಸ್ವಲ್ಪ ಹೊತ್ತಿಗೆ ಒಳಗಿಂದ ಅತ್ತೆಯ ದನಿ: "ಅಬ್ಬಾ, ಜೀವ ಬಂತು! ಯಾರಪ್ಪಾ ಸರಿಮಾಡಿದ್ದು?"

ಚಿಕ್ಕಳಿಯ ಬಾಯಿ ತೆರೆಯುವಷ್ಟರಲ್ಲಿ ದೊಡ್ಡಳಿಯ ನೆಲಕ್ಕೆ ಮಂಡಿಯೂರಿ, ಬಾಗಿಲ ಸಂದಿಗೇ ಬಾಯಿಟ್ಟು ಕೂಗಿದ:

"ನಾನೇ ಅತ್ತೆ, ನಾನೇ!"