ಹತ್ತು ಜನಕ್ಕೆ ಒಂದು ಲಾಗಿನ್

ದೊಡ್ಡಕ್ಕನ ಬಲಗೈ ಹೆಬ್ಬೆರಳಿನಲ್ಲಿ ಚರ್ಮಕ್ಕಿಂತ ಟೇಪೇ ಹೆಚ್ಚು. ಔಷಧಿ ಡಬ್ಬಿಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬಬೇಕು, ಟೇಪು ಎಳೆಯಬೇಕು, ಬ್ಲೇಡಿಗೆ ಕೊಟ್ಟು ಕತ್ತರಿಸಬೇಕು. ಬೆರಳು ಕುಯ್ದುಕೊಂಡರೆ ಅದಕ್ಕೂ ಅದೇ ಟೇಪು ಸುತ್ತಿ ಮುಂದಿನ ಪೆಟ್ಟಿಗೆಗೆ ಕೈ ಹಾಕಬೇಕು. ಗೋದಾಮಿನಲ್ಲಿ ಹತ್ತು ಜನರಿಗೆ ಎರಡೇ ಕುರ್ಚಿ, ಅದೂ ಊಟದ ಹೊತ್ತಿಗೆ ಮಾತ್ರ. ಹನ್ನೊಂದು ವರ್ಷದಿಂದ ಅವಳು ನಿಂತೇ ಇದ್ದಳು. ಮನೆಯಲ್ಲಿ ಗಂಡ, ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಪೇಂಟರ್, ಮಲಗಿಯೇ ಇದ್ದ. ಅವಳ ಕೆಲಸ ಹೋದರೆ ಆ ಮನೆಯಲ್ಲಿ ಒಲೆ ಉರಿಯುವುದಿಲ್ಲ, ಅಷ್ಟೇ ವಿಷಯ.

ಕಳೆದ ವರ್ಷ ಧಣಿಗಳು ಯಾವುದೋ ದೊಡ್ಡ ಹೋಟೆಲಿನಲ್ಲಿ ಎರಡು ದಿನದ ಸಮ್ಮೇಳನಕ್ಕೆ ಹೋಗಿದ್ದರು. ಕುತ್ತಿಗೆಗೆ ಪಟ್ಟಿ ನೇತುಹಾಕಿಕೊಂಡು ಹೋದವರು ಜ್ಞಾನೋದಯ ಮಾಡಿಕೊಂಡು ಬಂದರು.

"ಇನ್ಮೇಲೆ ನಮ್ಮದೆಲ್ಲ ಕ್ಲೌಡ್‌ನಲ್ಲಿ," ಎಂದು ಗೋದಾಮಿನ ನಡುವೆ ನಿಂತು ಸಾರಿದರು.

"ಹಂಗಂದ್ರೆ ಎಲ್ಲಿ ಸಾರ್?" ಎಂದಳು ದೊಡ್ಡಕ್ಕ.

ಮ್ಯಾನೇಜರ್ ನಡುವೆ ಬಾಯಿ ಹಾಕಿದ. "ದೂರದಲ್ಲಿ ದೊಡ್ಡ ದೊಡ್ಡ ಕಂಪ್ಯೂಟರ್ ಇಟ್ಟಿರ್ತಾರಮ್ಮ. ನಮ್ಮ ಲಿಸ್ಟು, ಬಿಲ್ಲು ಎಲ್ಲ ಅಲ್ಲಿರುತ್ತೆ. ನಾವು ತಿಂಗಳು ತಿಂಗಳು ದುಡ್ಡು ಕಟ್ತೀವಿ."

"ನಮ್ಮ ಸಾಮಾನು ಬೇರೆಯವರ ಮನೇಲಿಟ್ಟು ನಾವೇ ಬಾಡಿಗೆ ಕೊಡೋದಾ?"

ಹುಡುಗಿಯರು ಕಿಸಕ್ಕನೆ ನಕ್ಕರು. ಧಣಿಗಳು ನಗಲಿಲ್ಲ.

ಕ್ಲೌಡಿನವರು ತಲೆಗಿಷ್ಟು ಎಂದು ಬಾಡಿಗೆ ಕೇಳುತ್ತಿದ್ದರು. ಹತ್ತು ತಲೆಗೆ ಬಾಡಿಗೆ ಕಟ್ಟಲು ಧಣಿಗಳಿಗೇನು ತಲೆ ಕೆಟ್ಟಿತ್ತೇ? ಒಂದೇ ತಲೆ ಕೊಂಡರು. ಒಂದು ದಿನವೂ ತಪ್ಪಿಸದವಳು ಎಂದು ದೊಡ್ಡಕ್ಕನ ಹೆಸರು ಹಾಕಿಸಿದರು. ಅವಳ ಅಸಲಿ ಹೆಸರು ಅಲ್ಲಿ ಯಾರ ಬಾಯಲ್ಲೂ ಇರಲಿಲ್ಲ, ಕಂಪ್ಯೂಟರಿಗೆ ಮಾತ್ರ ಗೊತ್ತಾಯಿತು. ಪಾಸ್‌ವರ್ಡನ್ನು ದಪ್ಪ ಅಕ್ಷರದಲ್ಲಿ ಬರೆದು ಮೇಜಿನ ಮೇಲೆ ಗೋಡೆಗೆ ಅಂಟಿಸಿದರು. ಪಕ್ಕದಲ್ಲೇ 'ಪಾಸ್‌ವರ್ಡ್ ಯಾರಿಗೂ ಹೇಳಬೇಡಿ' ಎಂಬ ಬಣ್ಣದ ಪೋಸ್ಟರ್.

ಹತ್ತೂ ಜನ ದೊಡ್ಡಕ್ಕನ ಹೆಸರಿನಲ್ಲೇ ಪೆಟ್ಟಿಗೆ ಕಳಿಸಿದರು. ಮ್ಯಾನೇಜರನಿಗೆ ಬೇರೆ ಲಾಗಿನ್ ಇತ್ತು, ಆದರೆ ಅದಕ್ಕೆ ಪ್ರತಿ ಸಲ ಫೋನಿಗೆ ಬರುವ ಅಂಕಿ ಒತ್ತಬೇಕು. ಆ ರಗಳೆ ಯಾರಿಗೆ ಬೇಕು ಎಂದು ಅವನೂ ಮೇಲಿನ ತನ್ನ ರೂಮಿನಲ್ಲಿ ಕೂತು ದೊಡ್ಡಕ್ಕನೇ ಆದ.

ಒಂದು ಮಂಗಳವಾರ ಮಧ್ಯಾಹ್ನ ಅವನು ಮೆಟ್ಟಿಲಿಳಿದು ಬಂದ. ಮುಖ ಊರಗಲವಾಗಿತ್ತು.

"ವರ್ಷದ ಅತ್ಯುತ್ತಮ ಮ್ಯಾನೇಜರ್ ಪ್ರಶಸ್ತಿ ಬಂದಿದೆ. ಈಗ ತಾನೇ ಈಮೇಲ್ ಬಂತು. ಒತ್ತಿ ಒಪ್ಪಿಗೇನೂ ಕೊಟ್ಟೆ."

ಮರುದಿನ ಬೆಳಿಗ್ಗೆ ಪರದೆಗಳೆಲ್ಲ ಕೆಂಪಾದವು. ನಿಮ್ಮ ಕಡತಗಳಿಗೆಲ್ಲ ಬೀಗ ಹಾಕಿದ್ದೇವೆ, ಹಣ ಕೊಟ್ಟರೆ ಬೀಗದ ಕೈ ಎಂದು ಯಾರೋ ಕಾಣದ ಕಳ್ಳರು ಬರೆದಿದ್ದರು. ಲಿಸ್ಟಿಲ್ಲ, ವಿಳಾಸವಿಲ್ಲ. ಲಾರಿಗಳು ನಿಂತಲ್ಲೇ ನಿಂತವು. ಪ್ರಶಸ್ತಿಯ ಮಾತು ಮತ್ತೆ ಬರಲಿಲ್ಲ.

ನಾಲ್ಕನೇ ದಿನ ಸೈಬರ್ ತಜ್ಞ ಬಂದ. ಉಳಿಸಿಟ್ಟ ಹಳೆಯ ಪ್ರತಿಯಿಂದ ಕಡತಗಳನ್ನು ಮೇಲೆತ್ತಿದ, ಕಳ್ಳರು ಹೊಕ್ಕ ಬಾಗಿಲನ್ನೂ ಹುಡುಕಿದ. ಬಾಗಿಲ ಮೇಲೆ ದೊಡ್ಡಕ್ಕನ ಹೆಸರಿತ್ತು. ಧಣಿಗಳ ಗಾಜಿನ ರೂಮಿಗೆ ಅವಳಿಗೆ ಕರೆ ಬಂತು. ಮ್ಯಾನೇಜರ್ ಗೋಡೆ ನೋಡುತ್ತ ನಿಂತಿದ್ದ.

"ಇಲ್ಲೊಂದು ಸಹಿ ಹಾಕಮ್ಮ," ಎಂದರು ಧಣಿಗಳು. "ನನ್ನ ಅಜಾಗರೂಕತೆಯಿಂದ ಆಯ್ತು ಅಂತ. ಇನ್ಶೂರೆನ್ಸ್‌ನವರಿಗೆ ಒಂದು ಹೆಸರು ಬೇಕು."

"ಸಹಿ ಹಾಕಿದ್ರೆ?"

"ನಿನ್ನನ್ನ ಕೆಲಸದಿಂದ ತೆಗೀಬೇಕಾಗುತ್ತೆ. ಪೊಲೀಸಿಗೆ ಕೊಡಲ್ಲ. ಅಷ್ಟು ಮಾಡ್ತೀನಿ ನಿನಗೋಸ್ಕರ."

ಎಂಥ ದೊಡ್ಡ ಮನಸ್ಸು! ಹೀಗೆ ಬರೆದುಕೊಟ್ಟ ಮೇಲೆ ಯಾವ ಗೋದಾಮು ಅವಳನ್ನು ಒಳಗೆ ಬಿಟ್ಟೀತು? ದೊಡ್ಡಕ್ಕ ತಜ್ಞನ ಕಡೆ ತಿರುಗಿದಳು.

"ಅಣ್ಣ, ನನ್ನ ಹೆಸರಲ್ಲಿ ಇನ್ನೂ ಏನೇನಾಗಿದೆ, ಸ್ವಲ್ಪ ಓದ್ತೀರಾ?"

ತಜ್ಞ ಪಾಪದವನು, ಕೇಳಿದ್ದಕ್ಕೆ ಓದತೊಡಗಿದ. ದಾಖಲೆಯ ಪ್ರಕಾರ ಮೇಲಿನ ರೂಮಿನಲ್ಲಿ ಪ್ರಶಸ್ತಿಯ ಈಮೇಲ್ ಒತ್ತಿ ಕಳ್ಳರನ್ನು ಒಳಗೆ ಬಿಟ್ಟವಳು ದೊಡ್ಡಕ್ಕ; ಅದೇ ಹೊತ್ತಿಗೆ ಅವಳು ಕೆಳಗೆ ಮೂರನೇ ಮೇಜಿನಲ್ಲಿ ಪೆಟ್ಟಿಗೆ ಕಳಿಸುತ್ತಿದ್ದಳು. ತಮ್ಮ ತೀರಿಕೊಂಡು ಅವಳು ಸ್ಮಶಾನದಲ್ಲಿದ್ದ ದಿನ ನಾನೂರು ಪೆಟ್ಟಿಗೆ ಕಳಿಸಿದ್ದಳು. ಧಣಿಗಳ ಹೆಂಡತಿಗೆ ವಿಮಾನದ ಟಿಕೆಟ್ ತೆಗೆಸಿದ್ದಳು. ಗೋದಾಮಿನಲ್ಲಿ ಎಲ್ಲರೂ ಮಾವ ಎನ್ನುತ್ತಿದ್ದ ಮುದುಕ ಲೋಡರಿಗೆ ನಾಳೆಯಿಂದ ಬರಬೇಡ ಎಂಬ ಪತ್ರ ಕಳಿಸಿದ್ದಳು.

"ಏನಂದ್ರಿ?" ಎಂದಳು ದೊಡ್ಡಕ್ಕ.

ತಜ್ಞ ಇನ್ನೊಮ್ಮೆ ಓದಿದ. ಆ ಮುದುಕ ಎರಡು ತಿಂಗಳಿಂದ ದಾರಿಯಲ್ಲಿ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗುತ್ತಿದ್ದ. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಈಗ ಗೊತ್ತಾಯಿತು.

"ಅದೆಲ್ಲ ಟೆಕ್ನಿಕಲ್ ವಿಷಯ," ಎಂದರು ಧಣಿಗಳು. "ನಿನಗೆ ಅರ್ಥ ಆಗಲ್ಲ."

"ಆಯ್ತು ಸಾರ್. ಇಷ್ಟೆಲ್ಲ ನಾನೊಬ್ಬಳೇ ಮಾಡಿದ್ರೆ, ನೀವಿಬ್ರು ಇಲ್ಲಿ ಏನ್ ಮಾಡ್ತಿದ್ರಿ?"

ತಜ್ಞನಿಗೆ ಕೆಮ್ಮು ಬಂತು.

"ಸಹಿ ಹಾಕು, ಇಲ್ಲ ಈಗಲೇ ಹೊರಡು," ಎಂದರು ಧಣಿಗಳು.

ಅವಳು ಸಹಿ ಹಾಕಲಿಲ್ಲ. ಕೆಳಗಿಳಿದು ಬಂದು, ಮೇಲೆ ಕೇಳಿದ್ದನ್ನೆಲ್ಲ ಒಂದೂ ಬಿಡದೆ ಉಳಿದವರಿಗೆ ಹೇಳಿದಳು. ಮಾವನ ಪತ್ರದ ವಿಷಯವನ್ನು ಮಾತ್ರ ಎರಡು ಸಲ ಹೇಳಿದಳು.

ಹಿಂದೆಯೇ ಮ್ಯಾನೇಜರ್ ಬಂದ. ಗೋಡೆಯ ಹಳೆಯ ಚೀಟಿ ಕಿತ್ತು, ಹೊಸದನ್ನು ಅಂಟಿಸಿದ. "ನಡೀರಿ, ಲಾರಿ ಕಾಯ್ತಿವೆ. ಇವತ್ತಿಂದ ಲಾಗಿನ್ ನಿನ್ನ ಹೆಸರಲ್ಲಿ," ಎಂದು ಎರಡನೇ ಮೇಜಿನ ಬಸುರಿ ಹೆಂಗಸಿಗೆ ಹೇಳಿದ.

ಅವಳು ಕೈಯಲ್ಲಿದ್ದ ಟೇಪನ್ನು ಕೆಳಗಿಟ್ಟಳು. "ನನ್ನ ಹೆಸರು ಬೇಡ ಸಾರ್."

"ಸರಿ, ನಿನ್ನದು?" ಎಂದು ಪಕ್ಕದ ಮೇಜಿಗೆ ತಿರುಗಿದ.

"ನಂದೂ ಬೇಡ."

ಒಂಬತ್ತು ಮೇಜನ್ನೂ ಸುತ್ತಿದ. ಒಂಬತ್ತು ಟೇಪೂ ಮೇಜಿನ ಮೇಲೆ ಕೂತವು. ಹೊರಗೆ ಲಾರಿಯವನು ಹಾರ್ನ್ ಒತ್ತುತ್ತಲೇ ಇದ್ದ.

"ಮತ್ತೆ ಯಾರ ಹೆಸರು ಹಾಕ್ಲಿ?" ಮ್ಯಾನೇಜರನ ಕಂಕುಳಲ್ಲಿ ಬೆವರು ಒಡೆದಿತ್ತು.

"ನಿಮ್ಮದೇ ಹಾಕಿ ಸಾರ್," ಎಂದಳು ಬಸುರಿ, ಊಟದ ಹೊತ್ತಲ್ಲದಿದ್ದರೂ ಒಂದು ಕುರ್ಚಿ ಎಳೆದು ಕೂರುತ್ತ. ಇನ್ನೊಂದನ್ನು ದೊಡ್ಡಕ್ಕನ ಕಡೆ ತಳ್ಳಿದಳು. "ಒತ್ತೋದರಲ್ಲಿ ಪ್ರಶಸ್ತಿ ತಗೊಂಡವರು ನೀವು."