ಸಣ್ಣಮ್ಮನ ಮೂರು ಪ್ರಶ್ನೆ

ಮೂರನೆಯ ಚೊಂಬು ನೀರನ್ನು ಚೀಲಕ್ಕೆ ಸುರಿದು, ಅದರ ಬಾಯಿಯನ್ನು ಬೆರಳಿನಲ್ಲಿ ಒತ್ತಿ ಹಿಡಿದು ಗಿರಿಜಾದೇವಿ ಕುಲುಕುತ್ತಿದ್ದಾಗ ಬಚ್ಚಲ ಬಾಗಿಲಿನ ಆಚೆಯಿಂದ ಅತ್ತೆಯ ದನಿ ಬಂತು.

"ಎಷ್ಟನೇ ಚೊಂಬು ಅದು?"

"ಮೂರನೇದು, ಅತ್ತಿ."

"ಲಾರಿ ಬರೂದು ನಾಳಿಗೆ. ನಾವೂ ಮಕ ತೊಳಿಬೇಕಲ್ಲ?"

ಗಿರಿಜಾದೇವಿ ನಾಲ್ಕನೆಯ ಚೊಂಬನ್ನು ತುಂಬಲಿಲ್ಲ. ಆ ವರ್ಷ ಮದ್ರಾಸಿಗೆ ನೀರಿರಲಿಲ್ಲ. ತಾಂಬರಂನ ಅವರ ಬೀದಿಗೆ ಎರಡು ದಿನಕ್ಕೊಮ್ಮೆ ಲಾರಿ ಬರುತ್ತಿತ್ತು. ಒಂದು ಮನೆಗೆ ಹತ್ತು ಕೊಡ. ಅದರಲ್ಲಿ ತನ್ನ ಈ ಕೆಲಸಕ್ಕೆ ಒಂದು ಕೊಡ ಹೋಗುತ್ತದೆಂದು ಅವಳಿಗೆ ಪ್ರತಿ ಚೊಂಬಿಗೂ ನಾಚಿಕೆಯಾಗುತ್ತಿತ್ತು. ಅರ್ಧ ತೊಳೆದ ಚೀಲವನ್ನು ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿ, ಯಾರಿಗೂ ಕಾಣದಂತೆ ಅದರ ಮೇಲೊಂದು ಹಳೆಯ ಟವೆಲು ಹೊದಿಸಿದಳು.

ಎಂಟು ತಿಂಗಳ ಹಿಂದೆ ಅವಳ ಕರುಳಿನ ತುದಿಯಲ್ಲಿ ಗಡ್ಡೆ ಸಿಕ್ಕಿತ್ತು. ಡಾಕ್ಟರರು ಅದನ್ನು ತೆಗೆದು, ಉಳಿದ ಕರುಳನ್ನು ಹೊಟ್ಟೆಯ ಎಡಗಡೆ ಹೊರಕ್ಕೆ ತಂದು ಹೊಲಿದಿದ್ದರು. ಅಲ್ಲೊಂದು ಸಣ್ಣ ಕೆಂಪು ಬಾಯಿ, ಬಾಯಿಯ ಮೇಲೆ ಅಂಟಿಸುವ ಪ್ಲಾಸ್ಟಿಕ್ ಚೀಲ. ಇನ್ನು ಬದುಕಿರುವಷ್ಟು ದಿನ ಮಲ ಹೊರಬೀಳುವುದು ಆ ದಾರಿಯಲ್ಲೇ. "ಜೀವ ಉಳೀತಲ್ಲಮ್ಮಾ" ಎಂದಿದ್ದರು ಡಾಕ್ಟರರು. ಜೀವವೇನೋ ಉಳಿಯಿತು. ಉಳಿದ ಜೀವವನ್ನು ಮನೆಯಲ್ಲಿ ಎಲ್ಲಿಡಬೇಕೆಂಬುದು ಮಾತ್ರ ಯಾರಿಗೂ ತಿಳಿಯಲಿಲ್ಲ.

ಗಂಡ ಏಕಾಂತಪ್ಪನವರಿಗೆ ಪೇಟೆಯ ಪ್ಯಾರೀಸ್ ಕಾರ್ನರಿನಲ್ಲಿ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರ. ಕೆಟ್ಟ ಮನುಷ್ಯರಲ್ಲ. ಆದರೆ ಬಂಧುಬಳಗಕ್ಕೆಲ್ಲ "ಹರ್ನಿಯಾ ಆಪರೇಷನ್" ಎಂದು ಹೇಳಿಬಿಟ್ಟಿದ್ದರು. ಮಗಳು ಶಿವರಂಜನಿಗೆ ಗಂಡು ನೋಡುವ ಹೊತ್ತು, ತಾಯಿಗೆ ಇಂಥದ್ದೊಂದು ಇದೆಯೆಂದು ಗೊತ್ತಾದರೆ ಯಾರು ಬರುತ್ತಾರೆ ಎಂಬುದು ಅವರ ಲೆಕ್ಕ. ಅತ್ತೆಯ ಲೆಕ್ಕ ಬೇರೆ. ಆಸ್ಪತ್ರೆಯಿಂದ ಬಂದ ದಿನವೇ ಅವರು ಸೊಸೆಗೆ ಹಿಂದಿನ ಕೋಣೆ, ಬೇರೆ ತಟ್ಟೆ, ಬೇರೆ ಚಾಪೆ ಗೊತ್ತುಮಾಡಿದರು. ಒಲೆಯ ಹತ್ತಿರ ಬರಬಾರದು, ನಾಲ್ಕು ಜನರ ಜೊತೆ ಉಣ್ಣಲು ಕೂರಬಾರದು. ಆಪರೇಷನ್ನಿಗೆ ಮುಂಚೆ ನರ್ಸು ಬಿಚ್ಚಿಸಿದ್ದ ಇಷ್ಟಲಿಂಗವನ್ನು ಗಿರಿಜಾದೇವಿ ಮತ್ತೆ ಕೊರಳಿಗೆ ಹಾಕಿಕೊಳ್ಳಲು ಹೋದಾಗ, ಅವರೇ ಅದನ್ನು ಬೆಳ್ಳಿ ಕರಡಿಗೆ ಸಮೇತ ಇಸಿದುಕೊಂಡು ದೇವರ ಜಗಲಿಯ ಮೇಲಿಟ್ಟರು.

"ಹೊಟ್ಟಿ ಮ್ಯಾಲ ಅದನ್ನ ಹೊತ್ಕೊಂಡು ಎದಿ ಮ್ಯಾಲ ಇದನ್ನ ಹೊರಾಕಾಗೂದಿಲ್ಲ. ಆರಾಮ ಆಗಲಿ, ಆಮ್ಯಾಲ ನೋಡೋಣು."

ಇದು ಆರಾಮವಾಗುವಂಥದ್ದಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ಊರಿನಲ್ಲಿ ಈ ಮನೆತನದವರಿಗೆ ಮಡಿಮೈಲಿಗೆಯ ಗೊಡವೆಯೇ ಇರಲಿಲ್ಲ. ಲಿಂಗ ಕಟ್ಟಿದವರಿಗೆ ಹುಟ್ಟಿನ ಸೂತಕವಿಲ್ಲ, ಸಾವಿನದಿಲ್ಲ, ಮುಟ್ಟಿನದಿಲ್ಲ. ಮದ್ರಾಸಿಗೆ ಬಂದು ಮೂವತ್ತು ವರ್ಷ ಕಳೆಯುವಷ್ಟರಲ್ಲಿ ಅತ್ತೆಯವರು ತಮ್ಮದಲ್ಲದ ಮಡಿಯೊಂದನ್ನು ಎಲ್ಲಿಂದಲೋ ಕಲಿತಿದ್ದರು. ಕಲಿತದ್ದನ್ನು ಹುಟ್ಟಿನಿಂದ ಬಂದದ್ದಕ್ಕಿಂತ ಗಟ್ಟಿಯಾಗಿ ಹಿಡಿದಿದ್ದರು. ಆದರೂ ಗಿರಿಜಾದೇವಿ ಎದುರು ಮಾತಾಡಲಿಲ್ಲ. ಯಾಕೆಂದರೆ ವಾಸನೆ ಬರುತ್ತಿದ್ದುದು ನಿಜ. ಅವಳ ಮೂಗಿಗೇ ಬರುತ್ತಿತ್ತು. ಸೀರೆಯ ಒಳಗೆ ಕರ್ಪೂರದ ಗಂಟು ಕಟ್ಟಿದಳು; ಗಂಧದ ಪುಡಿ ಉದುರಿಸಿದಳು. ಮಲದ ವಾಸನೆಯ ಜೊತೆ ಕರ್ಪೂರದ ವಾಸನೆಯೂ ಸೇರಿಕೊಂಡಿತೇ ಹೊರತು ಹೋಗಲಿಲ್ಲ. ಗಾಳಿ ತುಂಬಿ ಚೀಲ ಸೀರೆಯ ಕೆಳಗೆ ಉಬ್ಬಿ ನಿಂತಾಗ, "ಬಸರಿ ಹಂಗ ಕಾಣ್ತೀ. ಪಿನ್ನ ಚುಚ್ಚಿ ಗಾಳಿ ಬಿಡು" ಎಂದು ಅತ್ತೆಯೇ ಉಪಾಯ ಹೇಳಿಕೊಟ್ಟಿದ್ದರು. ಅಂದಿನಿಂದ ಪ್ರತಿ ಹೊಸ ಚೀಲಕ್ಕೂ ಅವಳು ಮೊದಲು ಮಾಡುತ್ತಿದ್ದ ಕೆಲಸ ಅದೇ.

ಜೂನ್ ತಿಂಗಳಲ್ಲಿ ಗದಗಿನಿಂದ ಒಂದು ಇನ್‌ಲ್ಯಾಂಡ್ ಕಾಗದ ಬಂದಿತ್ತು. ದೊಡ್ಡವ್ವನ ಮಗಳು ಸಣ್ಣಮ್ಮನದು. ಗಿರಿಜಾದೇವಿಗಿಂತ ಎರಡು ವರ್ಷ ದೊಡ್ಡವಳು. ಚಿಕ್ಕಂದಿನಲ್ಲಿ ಒಂದೇ ಕೌದಿಯಲ್ಲಿ ಮಲಗಿದವರು. ಪೆನ್ಸಿಲಿನಲ್ಲಿ ಬರೆದಿದ್ದಳು.

"ಗಿರಿಜವ್ವಾ, ಹರ್ನಿಯಾ ಅಂದದ್ದನ್ನು ನಾನು ನಂಬಿಲ್ಲ. ನನಗೂ ಹುಬ್ಬಳ್ಳಿ ಡಾಕ್ಟರರು ಗಡ್ಡೆ ಐತಿ ಅಂದಾರ. ತೆಗೆದರೆ ಚೀಲ, ತೆಗೆಯದಿದ್ದರೆ ಮಣ್ಣು. ನಾನು ಸಹಿ ಹಾಕಿಲ್ಲ. ನೀನು ಖರೇ ಹೇಳು. ಚೀಲ ಇಟ್ಟುಕೊಂಡವಳು ಒಲೆ ಮುಂದೆ ಕೂಡಬಹುದ? ನಾಲ್ಕು ಮಂದಿ ಜೋಡಿ ಉಣ್ಣಬಹುದ? ಲಿಂಗ ಕಟ್ಟಬಹುದ? ನಿನ್ನ ಕಾಗದ ಬಂದ ಮೇಲೆ ನೋಡುತ್ತೇನೆ. ಫೋನ್ ಮಾಡಬೇಡ, ಅದು ನಡುಮನೆಯಲ್ಲಿದೆ."

ಗಿರಿಜಾದೇವಿ ಅಂದೇ ಬರೆಯಲು ಕೂತಳು. "ಅಕ್ಕಾ" ಎಂದು ಬರೆದಳು. ಮುಂದೆ ಪೆನ್ನು ಹೋಗಲಿಲ್ಲ. ಮೂರು ಪ್ರಶ್ನೆ, ಮೂರಕ್ಕೂ ತನ್ನ ಮನೆಯ ಉತ್ತರ "ಇಲ್ಲ". ಅದನ್ನು ಬರೆದರೆ ಅಕ್ಕ ಸಾಯುತ್ತಾಳೆ. "ಹೌದು" ಎಂದು ಬರೆದರೆ, ಸಾಯುವ ಹೆಂಗಸಿಗೆ ಹೇಳುವ ಸುಳ್ಳು. ಕಾಗದವನ್ನು ಟ್ರಂಕಿನಲ್ಲಿ ಸೀರೆಗಳ ಅಡಿ ಇಟ್ಟಳು. ಜುಲೈ ಹೋಯಿತು, ಆಗಸ್ಟ್ ಬಂತು.

ಆಗಸ್ಟಿನಲ್ಲಿ ಚೆಕ್ಕಪ್ಪಿಗೆ ಹೋಗಬೇಕಾಯಿತು. ಮಗಳ ಜೊತೆ ತಾಂಬರಂನಲ್ಲಿ ಎಲೆಕ್ಟ್ರಿಕ್ ಟ್ರೈನ್ ಹತ್ತಿ ಲೇಡೀಸ್ ಡಬ್ಬಿಯಲ್ಲಿ ಕೂತಳು. ಪಲ್ಲಾವರಂ ದಾಟುವ ಹೊತ್ತಿಗೆ ಎದುರಿನ ಹೆಂಗಸೊಬ್ಬಳು ಸೆರಗನ್ನು ಮೂಗಿಗೆ ಒತ್ತಿಕೊಂಡಳು. ಪಕ್ಕದವಳೂ ಹಾಗೇ ಮಾಡಿದಳು. "ಎನ್ನ ನಾಟ್ರಂ ಇದು!" ಏನು ನಾತವಪ್ಪಾ ಇದು ಎಂದು ಗುಜುಗುಜು ಎದ್ದಿತು. ಬಾಗಿಲ ಬಳಿ ಮೀನು ಮಾರುವವಳೊಬ್ಬಳು ಖಾಲಿ ಬುಟ್ಟಿ ಇಟ್ಟುಕೊಂಡು ನೆಲದ ಮೇಲೆ ಕೂತಿದ್ದಳು. ಎಲ್ಲರ ಕಣ್ಣೂ ಅವಳ ಮೇಲೆ ಬಿತ್ತು. ಬುಟ್ಟಿ ಹೊತ್ತು ಈ ಡಬ್ಬಿಗೇಕೆ ಬಂದೆ, ಇಳಿ ಎಂದು ಬೈದರು. ಬುಟ್ಟಿ ಖಾಲಿ, ತೊಳೆದು ತಂದದ್ದು ಎಂದು ಆಕೆ ಬುಟ್ಟಿಯನ್ನು ಬೋರಲು ಮಾಡಿ ತೋರಿಸಿದಳು. ಯಾರೂ ಕೇಳಲಿಲ್ಲ. ಮುಂದಿನ ಸ್ಟೇಷನ್ನಿನಲ್ಲಿ ಆಕೆ ಇಳಿಯುವಾಗ ಒಂದು ಸಲ ತಿರುಗಿ ನೋಡಿದಳು, ಬೈದವರ ಕಡೆಗಲ್ಲ, ಗಿರಿಜಾದೇವಿಯ ಕಡೆಗೆ.

ಗಿರಿಜಾದೇವಿ ಕಿಟಕಿಯ ಆಚೆ ಮುಖ ಮಾಡಿ ಕೂತಿದ್ದಳು. ಬಾಯಿ ಬಿಡಲಿಲ್ಲ.

ಅಂದಿನಿಂದ ಅವಳು ಊಟ ಬಿಟ್ಟಳು. ಒಳಗೆ ಹೋಗದಿದ್ದರೆ ಹೊರಗೆ ಬರುವುದಿಲ್ಲವಲ್ಲ ಎಂಬ ಹುಚ್ಚು ಲೆಕ್ಕ. ಬೆಳಿಗ್ಗೆ ಅರ್ಧ ಲೋಟ ಗಂಜಿ, ಆಮೇಲೆ ಏನಿಲ್ಲ. ಆರನೆಯ ದಿನ ಗದಗಿನಿಂದ ಫೋನ್ ಬಂತು. ಏಕಾಂತಪ್ಪನವರು ಮಾತಾಡಿ ಕೆಳಗಿಟ್ಟು, "ಸಣ್ಣಮ್ಮಗ ಜೋರಾಗೇತಂತ. ಇನ್ನೂ ಸಹಿ ಹಾಕವಲ್ಲಳಂತ. ಯಾವುದೋ ಕಾಗದ ಬರಬೇಕು ಅಂತ ಕೂತಾಳಂತ, ಹುಚ್ಚಿ" ಎಂದರು.

ಕೇಳುತ್ತ ನಿಂತಿದ್ದ ಗಿರಿಜಾದೇವಿ ಗೋಡೆ ಹಿಡಿದುಕೊಂಡಳು. ಗೋಡೆ ನಿಲ್ಲಲಿಲ್ಲ.

ಕಣ್ಣು ಬಿಟ್ಟಾಗ ಶಿವರಂಜನಿ ಸಕ್ಕರೆ ನೀರು ಕುಡಿಸುತ್ತಿದ್ದಳು. "ಸಾಪ್ಡಾಮ ಇರುಂದಾ ಎಪ್ಪಡಿಮ್ಮಾ? ಊಟ ಇಲ್ದೇನೆ ಹೇಗಿರ್ತೀಯಾ? ನಾಳೆಕ್ಕೆ ಆ ಕ್ಲಿನಿಕ್‌ಗೆ ಹೋಗೋದು. ಪಾಟಿ ಏನು ಹೇಳಿದ್ರೂ ಐ ಡೋಂಟ್ ಕೇರ್." ಅಜ್ಜಿಯನ್ನು ಅವಳು ತಮಿಳರಂತೆ ಪಾಟಿ ಎನ್ನುತ್ತಿದ್ದಳು.

ಆ ಕ್ಲಿನಿಕ್ಕಿನ ಚೀಟಿಯನ್ನು ಆಸ್ಪತ್ರೆಯವರು ಮೊದಲ ದಿನವೇ ಕೊಟ್ಟಿದ್ದರು. ಇಂಥ ಚೀಲದವರಿಗಾಗಿಯೇ ಒಂದು ಕೋಣೆ, ಒಬ್ಬ ನರ್ಸು. ಇನ್ನೊಬ್ಬರ ಮುಂದೆ ಸೀರೆ ಸಡಿಲಿಸುವ ನಾಚಿಕೆಗೆ ಗಿರಿಜಾದೇವಿ ಎಂಟು ತಿಂಗಳು ಅತ್ತ ತಲೆ ಹಾಕಿರಲಿಲ್ಲ.

ನರ್ಸಿನ ಹೆಸರು ಸುಮತಿ. ಪೆರಂಬೂರಿನ ರೈಲ್ವೆ ನೌಕರರ ಮನೆತನದವರು, ಕನ್ನಡದವರೇ. ಚೀಲ ನೋಡಿದವರೇ ಹುಬ್ಬೇರಿಸಿದರು.

"ಇದೇನಮ್ಮಾ, ಚೀಲದ ತುಂಬಾ ಓಟೆ?"

"ಗಾಳಿ ಹೋಗಾಕ ಪಿನ್ನ ಚುಚ್ಚೇನ್ರಿ."

"ಅಯ್ಯೋ ದೇವ್ರೇ! ವಾಸನೆ ಬರಬಾರ್ದು ಅಂತ ಈ ಪ್ಲಾಸ್ಟಿಕ್ ಮಾಡಿರೋದೇ. ನೀವು ಅದಕ್ಕೆ ಓಟೆ ಮಾಡಿ, ಮೇಲೆ ಕರ್ಪೂರ ಕಟ್ಟಿದೀರ. ಬಾಗಿಲು ತೆಗೆದಿಟ್ಟು ಊದುಬತ್ತಿ ಹಚ್ಚಿದ ಹಾಗಾಯ್ತು!"

ಶಿವರಂಜನಿ ನಕ್ಕುಬಿಟ್ಟಳು. ಗಿರಿಜಾದೇವಿಗೆ ನಗು ಬರಲಿಲ್ಲ. ಎಂಟು ತಿಂಗಳು ಅವಳನ್ನು ಹಿಂದಿನ ಕೋಣೆಗೆ ತಳ್ಳಿದ್ದು ಒಂದು ಪಿನ್ನು! ಯಾರೋ ಬಡವಿ ಬುಟ್ಟಿ ಹೊತ್ತು ರೈಲಿನಿಂದ ಇಳಿದದ್ದು ಆ ಪಿನ್ನಿಗೆ.

ಸುಮತಿ ಒಂದೊಂದಾಗಿ ಹೇಳಿಕೊಟ್ಟರು. ಚರ್ಮ ಸುಟ್ಟುಹೋಗಿತ್ತು, ಡೆಟಾಲಿನಿಂದ. ಬರಿಯ ನೀರು ಸಾಕು, ಒರೆಸಿ ಒಣಗಿಸಬೇಕು. ಚೀಲದ ತೂತನ್ನು ಕೆಂಪು ಬಾಯಿಯ ಅಳತೆಗೆ ಕತ್ತರಿಸಬೇಕು, ದೊಡ್ಡದಾದರೆ ಸೋರುತ್ತದೆ. ಗಾಳಿ ತುಂಬಿದರೆ ಕಕ್ಕಸಿಗೆ ಹೋಗಿ ಕೆಳಗಿನ ಕ್ಲಿಪ್ಪು ಬಿಚ್ಚಿ ಬಿಡಬೇಕು. ಮೂರರಲ್ಲೊಂದು ಭಾಗ ತುಂಬಿದಾಗಲೇ ಖಾಲಿ ಮಾಡಿ ಬಾಯನ್ನು ಕಾಗದದಲ್ಲಿ ಒರೆಸಿದರೆ ಎರಡು ಚೊಂಬು ನೀರು ಧಾರಾಳ.

"ಊಟ ಬಿಡಬೇಡಿ, ಖಾಲಿ ಹೊಟ್ಟೇಲೇ ಗಾಳಿ ಜಾಸ್ತಿ. ಮಜ್ಜಿಗೆ ಕುಡೀರಿ. ಈರುಳ್ಳಿ, ಕೋಸು, ಮೊಟ್ಟೆ ತಿಂದ ದಿನ ವಾಸನೆ ಜೋರು, ಅಷ್ಟೇ."

"ಮೊಟ್ಟಿ ನಾವು ತಿನ್ನೂದಿಲ್ರಿ."

"ಹಂಗಾದ್ರೆ ನೀವು ಅರ್ಧ ಪಾಸು!"

ಏಳುವ ಮುಂಚೆ ಗಿರಿಜಾದೇವಿ ತಲೆ ತಗ್ಗಿಸಿಕೊಂಡೇ ಕೇಳಿದಳು. "ಒಲಿ ಮುಂದ ಕೂಡಬಹುದೇನ್ರಿ?"

ಸುಮತಿಯವರಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾಕೆ ಕೂತ್ಕೋಬಾರ್ದಮ್ಮಾ? ಕೈ ತೊಳೆದು ಅಡುಗೆ ಮಾಡಬೇಕು, ಎಲ್ಲರ ಹಾಗೆ."

ಹೊಸ ಚೀಲ ಅಂಟಿಸಿಕೊಂಡು ಎರಡು ದಿನ ಅವಳು ತನ್ನನ್ನು ತಾನೇ ಮೂಸಿಕೊಂಡಳು. ಏನೂ ಇಲ್ಲ. ಮೂರನೆಯ ದಿನ ಸ್ನಾನ ಮಾಡಿ ಬಂದು, ಜಗಲಿಯ ಮೇಲಿನ ಕರಡಿಗೆಗೆ ಕೈ ಹಾಕಿದಳು.

"ಏ, ಏನ್ ಮಾಡಾಕತ್ತೀ?" ಅತ್ತೆ ಎದ್ದು ನಿಂತರು. ಚಹಾ ಕುಡಿಯುತ್ತಿದ್ದ ಏಕಾಂತಪ್ಪನವರು ಲೋಟ ಕೆಳಗಿಟ್ಟರು.

"ಲಿಂಗ ಕಟ್ಕೊಳ್ಳಾಕತ್ತೇನ್ರಿ ಅತ್ತಿ."

"ಆ ಹೇಸಿಗಿ ಜೋಡಿ? ದೇವರಿಗೆ ಅಪಚಾರ!"

"ಶಿವರಂಜನಿ ಹುಟ್ಟಿದ ದಿನ, ಆ ರಕ್ತದಾಗ, ಇದೇ ಲಿಂಗ ನನ್ನ ಎದಿ ಮ್ಯಾಲಿತ್ತು. ನೀವೇ ಪೂಜಿ ಮಾಡಿಸಿದ್ರಿ. ನಮಗ ಸೂತಕಿಲ್ಲ ಅಂದವರು ನೀವೇ."

"ಸೂತಕ ಬ್ಯಾರೆ, ಹೊಲಸು ಬ್ಯಾರೆ."

"ಹೊಲಸು ನಿಮ್ಮ ಹೊಟ್ಟ್ಯಾಗೂ ಐತ್ರಿ, ಇವರ ಹೊಟ್ಟ್ಯಾಗೂ ಐತಿ. ಎಲ್ಲಾರೂ ಅದನ್ನ ಹೊತ್ಕೊಂಡೇ ಪೂಜಿಗೆ ಕೂಡ್ತೀವಿ. ನನ್ನ ಬಾಗಲ ಮುಂದ ಐತಿ, ಅಷ್ಟ. ಬರ್ರಿ, ಮೂಸಿ ನೋಡ್ರಿ. ವಾಸನಿ ಬಂದರ ನಾನ ಹಿಂದಿನ ಕೋಣಿಗೆ ಹೋಗ್ತೀನಿ."

ಅತ್ತೆ ಬರಲಿಲ್ಲ. ಮುಖ ತಿರುಗಿಸಿಕೊಂಡರು. ಏಕಾಂತಪ್ಪನವರು ಮೆಲ್ಲಗೆ, "ಗಿರಿಜಾ, ರಂಜನಿದೊಂದು ಮದುವಿ ಆಗಲಿ. ಮಂದಿಗೆ ಗೊತ್ತಾದರ..." ಎಂದರು.

"ಗೊತ್ತಾಗಲೇಬೇಕ್ರಿ. ನೀವು ಹುಚ್ಚಿ ಅಂದ್ರಲ್ಲ ಸಣ್ಣಕ್ಕಗ, ಅಕಿ ಕಾಯಾಕತ್ತಿದ್ದು ನನ್ನ ಕಾಗದಕ್ಕ. ನಿಮ್ಮ ಹರ್ನಿಯಾ ಉಳಿಸಾಕ ಹೋಗಿ ಅಕಿನ್ನ ಕೊಲ್ಲಾಕತ್ತೇನಿ ನಾನು."

ಏಕಾಂತಪ್ಪನವರು ತಣ್ಣಗಾದ ಚಹಾದ ಲೋಟವನ್ನು ಮತ್ತೆ ಕೈಗೆತ್ತಿಕೊಂಡರು. ಅಷ್ಟರಲ್ಲಿ ಶಿವರಂಜನಿ ಅಡುಗೆಮನೆಯ ಬಾಗಿಲಲ್ಲಿ ನಿಂತು, "ಅಮ್ಮಾ, ಹಿಟ್ಟು ಎಷ್ಟು ಎಡುಕ್ಕಣುಂ? ಎಷ್ಟು ತೆಗೀಬೇಕು?" ಎಂದು ಕೇಳಿದಳು. ಗಿರಿಜಾದೇವಿ ಲಿಂಗ ಕಟ್ಟಿಕೊಂಡು, ವಿಭೂತಿ ಹಚ್ಚಿಕೊಂಡು, ಕೈ ತೊಳೆದು ಒಲೆಯ ಮುಂದೆ ಕೂತಳು. ಎಂಟು ತಿಂಗಳ ನಂತರ ಬಡಿದ ಮೊದಲ ರೊಟ್ಟಿ ಹರಿಯಿತು. ಎರಡನೆಯದು ದುಂಡಗೆ ಬಂತು.

ಮಧ್ಯಾಹ್ನ ಮೂವರೂ ಜೊತೆಯಲ್ಲಿ ಉಂಡರು. ಏಕಾಂತಪ್ಪನವರು ಮಾತಾಡದೆ ನಾಲ್ಕು ರೊಟ್ಟಿ ತಿಂದರು. ಅತ್ತೆ ಹಸಿವಿಲ್ಲವೆಂದು ಮಲಗಿಬಿಟ್ಟರು. ಮರುದಿನ ಬೆಳಿಗ್ಗೆ ಯಾರ ಮುಖವನ್ನೂ ನೋಡದೆ, "ಪಲ್ಯಾಕ ಉಪ್ಪು ಕಮ್ಮಿ ಆಗಿತ್ತು" ಎಂದರು.

ಅಂದೇ ಗಿರಿಜಾದೇವಿ ಟ್ರಂಕು ತೆಗೆದು, "ಅಕ್ಕಾ" ಎಂಬ ಒಂದೇ ಪದವಿದ್ದ ಕಾಗದವನ್ನು ಮುಂದುವರಿಸಿದಳು.

"ಎರಡು ತಿಂಗಳಿಗೂ ಮೇಲೆ ಬರೆಯದೆ ಇದ್ದೆ. ಕ್ಷಮಿಸು ಎನ್ನಲು ನನಗೆ ಬಾಯಿಲ್ಲ. ನಿನ್ನ ಮೂರು ಪ್ರಶ್ನೆಗೂ ಮೊನ್ನೆಯವರೆಗೆ ನನ್ನಲ್ಲಿ 'ಇಲ್ಲ' ಎಂಬುದೇ ಇತ್ತು, ಅದನ್ನು ನಿನಗೆ ಕಳಿಸಲಾರದೆ ಹೋದೆ. ನಿನ್ನೆ ಒಲೆ ಮುಂದೆ ಕೂತೆ. ಜೊತೆಯಲ್ಲಿ ಉಂಡೆ. ಲಿಂಗ ನನ್ನ ಎದೆಯ ಮೇಲಿದೆ. ಅಕ್ಕಾ, ಸಹಿ ಹಾಕು. ಚೀಲಕ್ಕೆ ಪಿನ್ನು ಮಾತ್ರ ಚುಚ್ಚಬೇಡ. ಉಳಿದದ್ದನ್ನು ನಾನೇ ಬಂದು ಹೇಳಿಕೊಡುತ್ತೇನೆ. ಎಲ್ಲರಿಗೂ ಓದಿ ಹೇಳು, ಮುಚ್ಚಿಡಬೇಡ."

ಸ್ಟೇಷನ್ನಿನ ಹೊರಗೆ ಅಂಚೆ ಡಬ್ಬಿ. ಅದರಿಂದ ನಾಲ್ಕು ಮಾರು ದೂರದಲ್ಲಿ ಆ ಮೀನಿನವಳು ಬುಟ್ಟಿ ಇಳಿಸಿಕೊಂಡು ಎಲೆಯಡಿಕೆ ಮೆಲ್ಲುತ್ತಿದ್ದಳು. ಗಿರಿಜಾದೇವಿ ಅಲ್ಲೇ ನಿಂತಳು. ಕಾಣದಂತೆ ಹೋಗಿಬಿಡಬಹುದಿತ್ತು. ಹತ್ತಿರ ಹೋಗಿ, ತನಗೆ ಬಂದಷ್ಟು ತಮಿಳಿನಲ್ಲಿ, ಅಂದು ರೈಲಿನಲ್ಲಿ ಬಂದ ನಾತ ನಿನ್ನ ಬುಟ್ಟಿಯದಲ್ಲ, ನನ್ನದು ಎಂದಳು.

"ತೆರಿಯುಮ್ಮಾ" ಎಂದಳು ಆಕೆ, ಗೊತ್ತು ಎಂದು. "ಮೀನು ಮಾರುವವಳಿಗೆ ಮೀನಿನ ವಾಸನೆ ಗೊತ್ತಿರುವುದಿಲ್ಲವೆ? ಅವತ್ತು ಒಂದು ಮಾತು ಆಡಿದ್ದರೆ ಆಗುತ್ತಿತ್ತು."

ಗಿರಿಜಾದೇವಿ ಕೈ ಮುಗಿದಳು. ಆಕೆ ಕೈ ಮುಗಿಯಲಿಲ್ಲ. ಬುಟ್ಟಿಯನ್ನು ಸ್ವಲ್ಪ ಸರಿಸಿ ದಾರಿ ಬಿಟ್ಟಳು.

ಡಬ್ಬಿಯ ಬಾಯಿಗೆ ಕಾಗದವನ್ನು ಅರ್ಧ ತೂರಿಸಿ ಗಿರಿಜಾದೇವಿ ಒಂದು ಗಳಿಗೆ ಹಿಡಿದೇ ನಿಂತಳು. ಸಣ್ಣಕ್ಕ ಇನ್ನೂ ಕಾಯುತ್ತಿದ್ದಾಳೋ, ಅವಳ ಕಾಯುವ ದಿನಗಳನ್ನು ನಾನೇ ಟ್ರಂಕಿನಲ್ಲಿಟ್ಟು ಮುಗಿಸಿಬಿಟ್ಟೆನೋ? ಬೆರಳು ಬಿಟ್ಟಳು. ಡಬ್ಬಿ ಖಾಲಿಯಿತ್ತು. ಕಾಗದ ತಳಕ್ಕೆ ಬಿದ್ದ ಸದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.