ಗೋವಿಂದಯ್ಯನ ಮುಂದಿಟ್ಟ ತಟ್ಟೆ

ಹರಿಯಬ್ಬೆ ಕಡೆಯ ಗೋವಿಂದಯ್ಯ ಪ್ರತಿ ಅಮಾವಾಸ್ಯೆ ಕುಡಿತ ಬಿಡಿಸುವ ಪುಡಿ ಕೊಡುತ್ತಿದ್ದ. ಕುಡಿಯುವವನಿಗೆ ತಿಳಿಯದಂತೆ ಸಾರಿನಲ್ಲಿ ಕಲಸಿ ಬಡಿಸಬೇಕು, ಬಡಿಸಿದವಳು ಯಾರ ಮುಂದೆಯೂ ಬಾಯಿ ಬಿಡಬಾರದು. ಬಿಟ್ಟರೆ ಪುಡಿ ಕೆಲಸ ಮಾಡುವುದಿಲ್ಲ ಎಂಬುದು ಅವನ ಕಟ್ಟಳೆ. ನನ್ನ ತಮ್ಮ ಜಯಕುಮಾರನ ಹೆಂಡತಿ ಯಮುನಾ ಅದನ್ನು ನಂಬಿದಳು. ನನಗೂ ಹೇಳದೆ ಬಸ್ಸಾರಿಗೆ ಕಲಸಿ ಬಡಿಸಿದಳು. ಅವನು ಉಂಡು, ಎದ್ದು ಹೋಗಿ, ಕುಡಿದು ಬಂದ. ಮುಖ ಕೆಂಪೇರಿತು, ವಾಂತಿಯಾಯಿತು, ಹೊಸ್ತಿಲ ಮೇಲೆ ಬಿದ್ದವನು ಮತ್ತೆ ಏಳಲಿಲ್ಲ.

ಊರವರು ವಿಚಾರಿಸಲು ಹೋದಾಗ ಗೋವಿಂದಯ್ಯ, "ನನ್ನ ಪುಡೀಲಿ ಇರೋದು ಬರೀ ಬೇರು. ಆಯಮ್ಮ ಇನ್ನೇನು ಕಲಸಿದ್ಲೋ ನಂಗೇನು ಗೊತ್ತು?" ಎಂದ.

ಅಷ್ಟು ಸಾಕಾಯಿತು. ಐಮಂಗಲದ ಹತ್ತಿರದ ನಮ್ಮ ಊರಿನಲ್ಲಿ ಯಮುನಾಳ ಕೈಯಿಂದ ಯಾರೂ ನೀರು ಕುಡಿಯಲಿಲ್ಲ. ಮದುವೆ ಮನೆಗಳಿಗೆ ಅಡುಗೆಗೆ ಹೋಗುತ್ತಿದ್ದವಳನ್ನು ಕರೆಯುವವರೇ ಇಲ್ಲವಾದರು. ಆ ಮಾತು ಆಡಿದವನು ಅವಳ ಜಗುಲಿಯ ಮೇಲೆ ಕುಳಿತು, ಊರೆಲ್ಲ ನೋಡುತ್ತಿರುವಾಗ, ಅವಳು ಬಡಿಸಿದ್ದನ್ನು ಉಣ್ಣಬೇಕೆಂದು ಅಂದೇ ನಿಶ್ಚಯಿಸಿದೆ.

ನಾನು ಹಿರಿಯೂರಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಚಿತ್ರದುರ್ಗದ ಜಿಲ್ಲಾಸ್ಪತ್ರೆಯ ಮನೋವೈದ್ಯರನ್ನು ಹುಡುಕಿಕೊಂಡು ಹೋಗಿ ಕೇಳಿದೆ. ಕುಡಿತ ಬಿಡಿಸುವ ಮಾತ್ರೆಯೊಂದಿದೆ, ಅದನ್ನು ರೋಗಿಗೆ ಹೇಳದೆ ಕೊಡಲೇಬಾರದು, ಅದರ ಮೇಲೆ ಕುಡಿದರೆ ಪ್ರಾಣವೇ ಹೋಗಬಹುದು ಎಂದರು. ಪುಡಿಯಲ್ಲಿ ಏನಿತ್ತೆಂಬುದರಲ್ಲಿ ಆಗ ನನಗೆ ಅನುಮಾನ ಉಳಿಯಲಿಲ್ಲ, ಆದರೆ ರುಜುವಾತು ಇರಲಿಲ್ಲ.

ಮೂರು ವರ್ಷ ಪ್ರತಿ ಅಮಾವಾಸ್ಯೆಯೂ ಗೋವಿಂದಯ್ಯನ ಮನೆಯ ಎದುರಿನ ಬೇವಿನ ಮರದ ಕೆಳಗೆ ನಿಂತೆ. ಸಾಲಿನಲ್ಲಿದ್ದ ಹೆಂಗಸರಿಗೆ ಚೀಟಿ ಕೊಟ್ಟೆ. ಆಸ್ಪತ್ರೆಯಲ್ಲಿ ಯಾವ ಕೋಣೆಗೆ ಹೋಗಬೇಕು, ಯಾವ ನಂಬರಿಗೆ ಫೋನ್ ಮಾಡಬೇಕು, ಕುಡಿಯುವವರ ಮನೆಯವರಿಗಾಗಿ ನಡೆಯುವ ಸಭೆ ಯಾವ ದಿನ, ಎಲ್ಲವನ್ನೂ ಅದರಲ್ಲಿ ಬರೆದಿದ್ದೆ. ಬರಲೊಲ್ಲದ ಗಂಡಸರನ್ನು ನಾನೇ ಹೋಗಿ ಮಾತಾಡಿಸಿ ಕರೆದೊಯ್ಯುತ್ತಿದ್ದೆ. ಕೆಲವರು ಬಿಟ್ಟರು, ಕೆಲವರು ಮತ್ತೆ ಕುಡಿದರು, ಮತ್ತೆ ಕರೆದೊಯ್ದೆ. ಓಮ್ನಿ ಓಡಿಸುವ ದಿಲಾವರ್ ನನ್ನ ಬೆನ್ನಿಗೆಂದು ಸೀಟಿನಲ್ಲಿ ಒಂದು ದಿಂಬು ಇಟ್ಟಿದ್ದ. ಗೋವಿಂದಯ್ಯನ ಹೆಂಡತಿ ಓಬಮ್ಮ, ನಾನು ಯಾರೆಂದು ಗೊತ್ತಿದ್ದೂ, ಬಿಸಿಲೇರಿದಾಗ ಕರಿಬೇವು ಹಾಕಿದ ಮಜ್ಜಿಗೆ ಕಳಿಸುತ್ತಿದ್ದಳು. ಕುಡಿದು ಲೋಟ ತೊಳೆದು ಕೊಡುತ್ತಿದ್ದೆ. ನಿಶ್ಚಯ ಮಾತ್ರ ಬದಲಾಗಲಿಲ್ಲ.

ಈ ಸಲ ಯುಗಾದಿ ಕಳೆದ ಮೇಲೆ ಒಂದು ಬೆಳಿಗ್ಗೆ ಗೋವಿಂದಯ್ಯ ಹಿರಿಯೂರಿನ ನನ್ನ ಮನೆ ಬಾಗಿಲಿಗೆ ಬಂದ.

"ಟೀಚರಮ್ಮ, ನಮ್ಮ ಬಾಲರಾಜು ಕುಡಿಯಾಕೆ ಹತ್ತಿ ಐದು ವರ್ಷ ಆತು. ನಿನ್ನೆಯಿಂದ ಕುಡಿದಿಲ್ಲ. ಮೈಯೆಲ್ಲ ನಡುಗ್ತೈತೆ."

"ನಿಮ್ಮ ಪುಡಿ ಐತಲ್ಲ ಗೋವಿಂದಯ್ಯ."

ಅವನು ನೆಲ ನೋಡಿದ. "ಒಬ್ನೇ ಮಗ," ಎಂದ.

"ನಂಗೂ ಒಬ್ನೇ ತಮ್ಮ ಇದ್ದ."

"ನಿಮ್ಮ ಚೀಟಿ ನನ್ನತ್ರನೂ ಐತೆ. ಅವ್ನು ಬರಲ್ಲ ಅಂತಾನೆ. ನೀವು ಕರೆದ್ರೆ ಬಂದಾನು. ಬರ್ರಿ, ಕೈ ಮುಗೀತೀನಿ."

"ಬರ್ತೀನಿ. ದಾರೀಲಿ ಯಮುನಾ ಮನೇಲಿ ಉಂಡು ಹೋಗಾಣ."

ಯಮುನಾಳಿಗೆ ಫೋನ್ ಮಾಡಿದೆ.

"ಅವನಿಗಾ ಅಕ್ಕ?" ಎಂದಳು. ಆಮೇಲೆ, "ಏನು ಮಾಡ್ಲಿ?"

"ಬಸ್ಸಾರು."

ಗೋವಿಂದಯ್ಯನ ಮನೆಯಲ್ಲಿ ಬಾಲರಾಜು ಗೋಡೆಗೆ ಒರಗಿ ಕೂತಿದ್ದ. ನಾನು ಬೈಯಲಿಲ್ಲ. ನಿದ್ದೆ ಮಾಡಿ ಎಷ್ಟು ದಿನವಾಯಿತಪ್ಪ ಎಂದು ಕೇಳಿದೆ.

"ಆಸ್ಪತ್ರೇಲಿ ನಿದ್ದೆ ಬರ್ತೈತಾ?" ಎಂದ.

"ಬರೋ ಹಂಗೆ ಮಾಡ್ತಾರೆ."

ಎದ್ದು ಬಂದ. ಓಬಮ್ಮ ಅವನಿಗೆ ಕಂಬಳಿ ಹೊದಿಸಿದಳು.

ಹೆದ್ದಾರಿಗೆ ಬಂದಾಗ ದಿಲಾವರ್ ಕನ್ನಡಿಯಲ್ಲಿ ನೋಡಿ ಹೇಳಿದ, "ಅಮ್ಮಾ, ಹುಡುಗ ಭಾಳ ನಡುಗ್ತಾವ್ನೆ. ಸೀದಾ ದುರ್ಗಕ್ಕೆ ಹೋಗಾಣ."

ಕುಡಿತ ಒಮ್ಮೆಲೇ ನಿಲ್ಲಿಸಿದವರಿಗೆ ಫಿಟ್ಸ್ ಬರಬಹುದೆಂದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ, "ನಮ್ಮೂರಿಗೆ ತಿರುಗ್ಸು ದಿಲಾವರ್."

ಯಮುನಾಳ ಜಗುಲಿಯ ಮುಂದೆ ಜನ ಸೇರಿದ್ದರು. ಅವಳ ಕೈ ನೀರು ಬೇಡವೆಂದು ಮೊದಲು ಹೇಳಿದ ಹಿರಿಯ ತಿಪ್ಪೇರುದ್ರಪ್ಪನನ್ನೂ ಕರೆಸಿದ್ದೆ. ಯಮುನಾ ಮುದ್ದೆ ಇಟ್ಟು ಬಸ್ಸಾರು ಬಡಿಸಿದಳು. ಗೋವಿಂದಯ್ಯ ಮುದ್ದೆ ಮುರಿದ. ಕೈ ಸಾರಿನ ಮೇಲೆ ನಿಂತುಬಿಟ್ಟಿತು.

"ಯಾಕ್ರೀ," ಎಂದ ತಿಪ್ಪೇರುದ್ರಪ್ಪ, "ಮನೇಲಿ ಉಂಡೇ ಬಂದ್ರಾ?"

ಗೋವಿಂದಯ್ಯ ಸಣ್ಣ ದನಿಯಲ್ಲಿ ಯಮುನಾಳನ್ನು ಕೇಳಿದ, "ಇದ್ರಾಗೆ ಏನೂ ಇಲ್ವಲ್ಲಮ್ಮ?"

ಅವಳು ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ, "ನಿಮ್ಮ ಪುಡಿ ಇದ್ರೂ ಇರಬೌದು. ಬರೀ ಬೇರಲ್ವಾ? ಉಣ್ರಿ."

ಕುಡಿಯದವನಿಗೆ ಆ ಮಾತ್ರೆ ಏನೂ ಮಾಡದು, ಆದರೆ ಇನ್ನೇನು ಕಲಸಿದ್ದಾರೋ ಎಂಬ ಭಯ ಅವನನ್ನು ಹಿಡಿದಿತ್ತು. ಓಮ್ನಿಯೊಳಗೆ ಮಗ ನರಳಿದ್ದು ಎಲ್ಲರಿಗೂ ಕೇಳಿಸಿತು.

"ಬೇರಲ್ಲ," ಎಂದ ಗೋವಿಂದಯ್ಯ. "ಮಾತ್ರೆ. ಕುಟ್ಟಿ ಹಾಕ್ತಿದ್ದೆ. ಆಯಮ್ಮಂದು ಏನೂ ತಪ್ಪಿಲ್ಲ."

ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. "ಉಣ್ರಿ," ಎಂದೆ ಮತ್ತೆ. ಪ್ರತಿ ತುತ್ತಿಗೂ ಅವನು ಹೆದರುವುದನ್ನು ನೋಡಬೇಕಿತ್ತು.

ಅದನ್ನು ಯಮುನಾ ಕೆಡಿಸಿದಳು. ಅವನ ತಟ್ಟೆಯಿಂದಲೇ ಒಂದು ತುತ್ತು ಮುರಿದು, ಅದೇ ಸಾರಿನಲ್ಲಿ ಅದ್ದಿ ನುಂಗಿದಳು. "ಏನೂ ಇಲ್ಲ. ಬೇಗ ಉಣ್ರಿ, ಹುಡುಗ ಕಾಯ್ತಾವ್ನೆ," ಎಂದಳು. ನನಗೆ ಅವಳ ಮೇಲೂ ಸಿಟ್ಟು ಬಂತು. ನಾನಾಗಿದ್ದರೆ ಅವನ ತಟ್ಟೆ ಮುಟ್ಟುತ್ತಿರಲಿಲ್ಲ.

ಗೋವಿಂದಯ್ಯ ತಲೆ ತಗ್ಗಿಸಿ ಉಂಡ. ಅಷ್ಟರಲ್ಲಿ ಯಮುನಾ ಚೊಂಬು ಹಿಡಿದು ಓಮ್ನಿಯ ಹತ್ತಿರ ಹೋದಳು. ಬಾಲರಾಜು ಎರಡೂ ಕೈಯಲ್ಲಿ ಹಿಡಿದರೂ ನೀರು ಚೆಲ್ಲಿತು. ಅವಳೇ ಚೊಂಬನ್ನು ಹಿಡಿದು ಕುಡಿಸಿದಳು. ತಿಪ್ಪೇರುದ್ರಪ್ಪ ನೋಡುತ್ತ ನಿಂತಿದ್ದವನು, "ನಂಗೂ ಒಂದೀಟು ಕೊಡವ್ವ," ಎಂದ.

ಹೊರಡುವಾಗ ದಿಲಾವರ್ ನನ್ನ ದಿಂಬನ್ನು ಹುಡುಗನ ತಲೆಯಡಿಗೆ ಇಟ್ಟ. ನಾನು ಅವನ ಕೈ ಹಿಡಿದುಕೊಂಡು ಕೂತೆ. ಗೋವಿಂದಯ್ಯ ಕೈ ತೊಳೆದು ಬಂದು ಹಿಂದೆ ಮುದುಡಿ ಕುಳಿತ.

"ಟೀಚರಮ್ಮ, ಮುಗೀತಲ್ಲ?" ಎಂದ.

"ಮಗಂಗೆ ಹಾಸಿಗೆ ಸಿಗ್ಲಿ," ಎಂದೆ. "ಆಮೇಲೆ ಠಾಣೆಗೆ ಹೋಗಾಣ. ನೀವು ಹೇಳಿದ್ದು ಊರೋರೆಲ್ಲ ಕೇಳವ್ರೆ."